ಗ್ಯಾರೇಜಿಗೆ ಬಂದ ಆಸಿಲೋಸ್ಕೋಪು

ನಮ್ಮ ಯಜಮಾನರಿಗೆ ಕಿವಿ ಹೋದಾಗ ನಮಗೆ ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅವರದು ಮುಳಬಾಗಿಲಿನಲ್ಲಿ, ನಂಗಲಿಯ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ತಗಡು ಹೊದಿಸಿದ ಒಂದು ಗ್ಯಾರೇಜು. ನಾನು ಮಾಲೂರಿನವಳು, ಕೋಲಾರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಹುಡುಗರಿಗೆ ಪ್ರಯೋಗ ತೋರಿಸುವುದು, ಸಾಮಾನು ಜೋಡಿಸುವುದು, ಸಂಜೆ ಎಣಿಸಿ ಬೀಗ ಹಾಕುವುದು ನನ್ನ ಕೆಲಸ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ.

ಗ್ಯಾರೇಜಿಗೆ ಹೆಸರು ಬಂದದ್ದೇ ಅವರ ಕಿವಿಯಿಂದ. ಲಾರಿ ಡ್ರೈವರುಗಳು ಎಂಜಿನ್ ಆಫ್ ಮಾಡದೆ ಹಾಗೇ ತಂದು ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಇವರು ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಬಂದು, ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಲ್ಲುವರು. ಆಮೇಲೆ "ಇದು ಟ್ಯಾಪೆಟ್ಟು, ಭಯ ಬೀಳ್ಬೇಡ, ಊರು ಸೇರ್ತೀಯ" ಎಂದೋ, "ಇಲ್ಲೇ ನಿಲ್ಸು, ಒಂದ್ ಮೈಲಿನೂ ಹೋಗ್ಬೇಡ" ಎಂದೋ ಹೇಳುವರು. ಹೆಚ್ಚಿನ ಸಲ ಅದು ನಿಜವಾಗಿರುತ್ತಿತ್ತು.

ಕೆಮ್ಮು ಮೊದಲು ಶುರುವಾದಾಗ ನಾವು ಡೀಸೆಲ್ ಹೊಗೆಯ ಕೆಮ್ಮು ಅಂದುಕೊಂಡೆವು. ಅವರು ಸೊರಗಿದರು. ಒಂದು ದಿನ ಕೆಮ್ಮಿ ಒರೆಸಿಕೊಂಡ ಟವೆಲಿನಲ್ಲಿ ರಕ್ತ ಕಂಡ ಮೇಲೆ ಅತ್ತೆಯೇ ಎಳೆದುಕೊಂಡು ಕೋಲಾರದ ಆಸ್ಪತ್ರೆಗೆ ಹೋದರು. ಕ್ಷಯ. ಡಾಕ್ಟರು ದಿನಾ ಒಂದು ಸೂಜಿ ಚುಚ್ಚಿಸಿಕೊಳ್ಳಬೇಕು ಎಂದರು. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ಈ ಔಷಧಿ ಕೆಲವರ ಕಿವಿಗೆ ಆಗೋದಿಲ್ಲ. ಕಿವಿಯಲ್ಲಿ ಗುಂಯ್ ಅಂತ ಶುರುವಾದ್ರೆ ತಕ್ಷಣ ಹೇಳಿ" ಎಂದೂ ಹೇಳಿದರು. ಆದರೆ ಗ್ಯಾರೇಜಿನವರ ಕಿವಿಯಲ್ಲಿ ಒಂದು ಗುಂಯ್ ಯಾವಾಗಲೂ ಇದ್ದೇ ಇರುತ್ತದೆ. ಇದು ಹಳೆಯದೋ ಹೊಸದೋ ಅವರಿಗೆ ತಿಳಿಯಲಿಲ್ಲ. ತಿಳಿದು ಹೇಳಿದಾಗ ಡಾಕ್ಟರು ಔಷಧಿ ಬದಲಿಸಿದರು. ಅಷ್ಟರಲ್ಲಿ ಕಿವಿ ಇಳಿಯತೊಡಗಿತ್ತು, ಇಳಿಯುತ್ತಲೇ ಹೋಯಿತು. ಎದೆ ವಾಸಿಯಾಗಿ, ಮೈ ತುಂಬಿಕೊಂಡು, ಅನ್ನ ಸೇರತೊಡಗಿದ ಹೊತ್ತಿಗೆ ಹಿಂದೆ ನಿಂತು ಕೂಗಿದರೂ ತಿರುಗುತ್ತಿರಲಿಲ್ಲ.

ಗ್ಯಾರೇಜು ತೆರೆದರು. ಸ್ಕ್ರೂಡ್ರೈವರು ಕಿವಿಗಿಟ್ಟು ನೋಡಿದರು. ಕೈಗೆ ನಡುಕ ತಿಳಿಯುತ್ತಿತ್ತೇ ಹೊರತು ಯಾವ ನಡುಕ ಎಂದು ತಿಳಿಯುತ್ತಿರಲಿಲ್ಲ. ಗಿರಾಕಿಗಳು ಒಳ್ಳೆಯವರು. ಯಾರೂ ಮುಖಕ್ಕೆ ಹೊಡೆದ ಹಾಗೆ ಮಾತಾಡಲಿಲ್ಲ. ಆರೋಗ್ಯ ವಿಚಾರಿಸುವರು, ಆಯಿಲ್ ಬದಲಿಸಿಕೊಳ್ಳುವರು, ಸದ್ದಿನ ಕೆಲಸವಿದ್ದರೆ ಮಾತ್ರ ಕೋಲಾರಕ್ಕೋ ಪಲಮನೇರಿಗೋ ಗಾಡಿ ತೆಗೆದುಕೊಂಡು ಹೋಗುವರು. ಇವರು ಮಧ್ಯಾಹ್ನದ ಹೊತ್ತು ನಟ್ಟು ಬಿಚ್ಚುವ ಪಾನಾಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸೈಜಿನ ವರಸೆಗೆ ಜೋಡಿಸಿ, ಮತ್ತೆ ತೊಳೆಯುತ್ತಿದ್ದರು.

ಆ ದಿನಗಳಲ್ಲಿ ಅವರನ್ನು ಹಿಡಿದು ನಿಲ್ಲಿಸಿದವರು ನಮ್ಮ ಅತ್ತೆ. ಅವರ ಮನೆಮಾತು ತೆಲುಗು. ಮಗನಿಗೆ ಕೇಳಿಸುವುದಿಲ್ಲ ಎಂದು ಅವರು ಒಂದು ಮಾತನ್ನೂ ಕಡಿಮೆ ಮಾಡಲಿಲ್ಲ. ಎದುರಿಗೆ ಕೂತು, ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು, "ಅನ್ನಂ ತಿನ್ನಾವಾ ನಾಯನಾ?" ಎಂದು ಊಟ ಆಯಿತೇ ಎಂಬುದರಿಂದ ಹಿಡಿದು ಸೊಪ್ಪಿನವಳ ಜೊತೆ ಆದ ಜಗಳದವರೆಗೆ ಎಲ್ಲವನ್ನೂ ಹೇಳುತ್ತಿದ್ದರು. ಕೆಲವು ತಿಂಗಳು ಕಳೆಯುವುದರಲ್ಲಿ ಅವರು ತಾಯಿಯ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ನಾನು ಕನ್ನಡದಲ್ಲಿ ಹೇಳಿದರೆ ಮಾತ್ರ ತಬ್ಬಿಬ್ಬಾಗುವರು. ಅವರು ಕಲಿತದ್ದು ತೆಲುಗು ಆಡುವ ತುಟಿಯನ್ನು. ಹಾಗಾಗಿ ನಾನು ಅತ್ತೆಯ ಹತ್ತಿರ ಕೂತು ತೆಲುಗು ಕಲಿತೆ. ಮಾಲೂರಿನಲ್ಲಿ ನನಗೆ ಕಿವಿಗೆ ಬಿದ್ದಷ್ಟು ತೆಲುಗು ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅತ್ತೆ ನನ್ನ ತಪ್ಪಿಗೆ ಹೊಟ್ಟೆ ಹಿಡಿದು ನಗುವರು, ಆಮೇಲೆ ತಿದ್ದುವರು. ನಮ್ಮ ಯಜಮಾನರು ಕನ್ನಡದಲ್ಲೇ ನನಗೆ ಉತ್ತರ ಕೊಡುವರು. ನಮ್ಮ ಸಂಸಾರ ಆಮೇಲೆ ಹಾಗೇ ನಡೆಯಿತು, ಒಬ್ಬರದು ಒಂದು ಭಾಷೆ, ಇನ್ನೊಬ್ಬರದು ಇನ್ನೊಂದು.

ತಿಂಗಳಿಗೊಮ್ಮೆ ಎದೆ ತೋರಿಸಲು ಅವರು ಕೋಲಾರಕ್ಕೆ ಬರುತ್ತಿದ್ದರು. ಆಸ್ಪತ್ರೆ ಮುಗಿಸಿ ಕಾಲೇಜಿಗೆ ಬಂದು, ನನ್ನ ಕೆಲಸ ಮುಗಿಯುವವರೆಗೆ ಪ್ರಯೋಗಾಲಯದ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುವರು. ಒಂದು ದಿನ ಹುಡುಗರು ಟ್ಯೂನಿಂಗ್ ಫೋರ್ಕಿನ ಪ್ರಯೋಗ ಮಾಡುತ್ತಿದ್ದರು. ಫೋರ್ಕನ್ನು ರಬ್ಬರಿಗೆ ಬಡಿದು ಮೈಕಿನ ಮುಂದೆ ಹಿಡಿದರೆ, ಸಿ.ಆರ್.ಓ.ದ ಪರದೆಯ ಮೇಲೆ ಹಸಿರು ಅಲೆ ಮೂಡುತ್ತದೆ. ಆಸಿಲೋಸ್ಕೋಪನ್ನು ನಾವು ಕಾಲೇಜಿನವರೆಲ್ಲ ಸಿ.ಆರ್.ಓ. ಎಂದೇ ಕರೆಯುತ್ತಿದ್ದೆವು. ಗಾಳಿಗೆ ಕಿಟಕಿಯ ಬಾಗಿಲೊಂದು ಧಡ್ ಎಂದು ಬಡಿಯಿತು. ಪರದೆಯ ಮೇಲಿನ ಗೆರೆ ಎಗರಿ ಬಿತ್ತು. ನಮ್ಮ ಯಜಮಾನರು ಸ್ಟೂಲಿನಿಂದ ಎದ್ದು, ಏನು ಬಿತ್ತು ಎಂದು ಸುತ್ತ ಹುಡುಕಿದರು.

"ಏನೇ ಅದು, ಎಗರ್ತಲ್ಲ?" ಎಂದು ಕೇಳಿದರು. ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಇಡೀ ಪ್ರಯೋಗಾಲಯ ತಿರುಗಿ ನೋಡಿತು.

ನಾನು ಕಿಟಕಿ ತೋರಿಸಿ, "ಚಪ್ಪುಡು" ಎಂದೆ. ತೆಲುಗಿನಲ್ಲಿ ಸದ್ದಿಗೆ ಹಾಗನ್ನುತ್ತಾರೆ.

ಅವರು ಹೋಗಿ ಕಿಟಕಿಯನ್ನು ತಾವೇ ಬಡಿದು, ಓಡಿ ಬಂದು ಪರದೆ ನೋಡಿದರು. ಅಷ್ಟರಲ್ಲಿ ಗೆರೆ ಸುಮ್ಮನಾಗಿತ್ತು. ಮತ್ತೆ ಕಿಟಕಿಗೆ ಹೋದರು. ಹುಡುಗರು ನಗತೊಡಗಿದರು. ನನಗೆ ಎಲ್ಲಿ ಮುಖ ಇಡಲಿ ಎನ್ನಿಸಿತು. ಆಗ ಒಳಗಿನ ಕೋಣೆಯಿಂದ ನಮ್ಮ ವಿಭಾಗದ ಮುಖ್ಯಸ್ಥರು ಬಂದರು. ಬಿಳಿ ಪಂಚೆ ಉಡುತ್ತಿದ್ದ, ಮಾತು ಕಡಿಮೆಯ ಹಿರಿಯರು. ಒಂದು ಗಳಿಗೆ ನಿಂತು ನೋಡಿ, ಮೈಕನ್ನು ತೆಗೆದು ಇವರ ಕೈಗೇ ಕೊಟ್ಟು, ನನಗೆ "ಅವರಿಗೆ ತೋರಿಸಮ್ಮಾ, ಹುಡುಗರೂ ನೋಡ್ಲಿ" ಎಂದರು. ಇವರು ಮೇಜಿನ ಮೇಲೆ ಬೆರಳು ಬಡಿದರು, ಬೀಗದ ಕೈ ಗೊಂಚಲು ಆಡಿಸಿದರು, ಕೆಮ್ಮಿದರು. ಪ್ರತಿಯೊಂದಕ್ಕೂ ಗೆರೆ ಬೇರೆ ಬೇರೆ ರೀತಿ ಕುಣಿಯಿತು. ಹೊರಡುವಾಗ ಸಾರ್ ನನ್ನನ್ನು ಕರೆದು, "ಮುಂದಿನ ಸಲ ಬರುವಾಗ ಒಂದು ಒಳ್ಳೆ ಬೇರಿಂಗು, ಒಂದು ಕೆಟ್ಟ ಬೇರಿಂಗು ತರೋದಕ್ಕೆ ಹೇಳು" ಎಂದರು.

ಮುಂದಿನ ತಿಂಗಳು ಎರಡೂ ಬಂದವು, ಪೇಪರಿನಲ್ಲಿ ಸುತ್ತಿ, ಊಟದ ಚೀಲದಲ್ಲಿ. ಬೋಲ್ಟಿಗೆ ಸಿಕ್ಕಿಸಿ ಮೈಕಿನ ಹತ್ತಿರ ತಿರುಗಿಸಿದರು. ಒಳ್ಳೆಯದು ತೆಳ್ಳಗೆ ನಡುಗುವ ಗೆರೆ ಕೊಟ್ಟಿತು. ಕೆಟ್ಟದ್ದು ಜಾಲಿಕಡ್ಡಿಯ ಹಾಗೆ ಮುಳ್ಳು ಮುಳ್ಳಾಗಿ ಕಂಡಿತು. ನಮ್ಮ ಯಜಮಾನರು ಪೇಪರಿನಲ್ಲಿ ಅವೆರಡನ್ನೂ ಸುತ್ತುತ್ತಾ, "ಇದು ಗ್ಯಾರೇಜಲ್ಲಿ ಇರ್ಬೇಕಿತ್ತು" ಎಂದರು. ಕಾಯಿಲೆ ಬಿದ್ದ ಮೇಲೆ ಅವರು ಬೇಕು ಎಂದು ಕೇಳಿದ ಮೊದಲ ವಸ್ತು ಅದು.

ಅಂಥದ್ದನ್ನು ಹೊಸದಾಗಿ ಕೊಳ್ಳುವುದು ನಮ್ಮ ಕನಸಿನಲ್ಲೂ ಆಗದ ಮಾತು. ಆದರೆ ಮರುವರ್ಷ ವಿಭಾಗಕ್ಕೆ ಹೊಸ ಸಿ.ಆರ್.ಓ. ಬಂತು, ಹಳೆಯದನ್ನು ಮುರಿದ ಬೆಂಚುಗಳ ಜೊತೆ ಹರಾಜಿಗೆ ಇಟ್ಟರು. ಸಾರ್ ನನಗೆ ಮುಂಚೆಯೇ ತಿಳಿಸಿದ್ದರು. ಹರಾಜಿನ ದಿನ ಗುಜರಿಯವನೊಬ್ಬ ಅದರೊಳಗಿನ ತಾಮ್ರದ ಆಸೆಗೆ ಏರಿಸಿ ಕೂಗುತ್ತಿದ್ದ. ಸಾರ್ ಅವನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಅವನು ನನ್ನ ಕಡೆ ನೋಡಿ, "ಮೊದ್ಲೇ ಹೇಳ್ಬಾರ್ದಾ ಅಮ್ಮಾ? ತಗೊಂಡ್ಹೋಗಿ, ನಂಗೆ ತಾಮ್ರ ಎಲ್ಲಾದ್ರೂ ಸಿಗುತ್ತೆ" ಎಂದು ಸುಮ್ಮನಾದ. ಅವನನ್ನು ಆಮೇಲೆ ನಾನು ನೋಡಲಿಲ್ಲ. ಈಗಲೂ ಗುಜರಿ ಗಾಡಿ ಬೀದಿಗೆ ಬಂದರೆ ಅವನ ಮುಖ ನೆನಪಾಗುತ್ತದೆ.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ಕಂಡಕ್ಟರ್ "ಟೀವಿನಾ ಅಕ್ಕಾ?" ಎಂದು ಕೇಳಿದ. ಹೌದೆಂದೆ. ವಿವರಿಸಲು ತ್ರಾಣವಿರಲಿಲ್ಲ.

ತಂದದ್ದೇನೋ ಆಯಿತು, ಮೊದಲಿಗೆ ಅದರಿಂದ ಏನೂ ಉಪಯೋಗವಾಗಲಿಲ್ಲ. ಎಂಜಿನ್ ಪಕ್ಕ ಮೈಕು ಹಿಡಿದರೆ ಪರದೆ ತುಂಬ ಹಸಿರು ಹುಲ್ಲು ಬೆಳೆದ ಹಾಗೆ ಕಾಣುತ್ತಿತ್ತು. ಒಳ್ಳೆಯ ಎಂಜಿನ್ನಿಗೂ ಹುಲ್ಲು, ಕೆಟ್ಟ ಎಂಜಿನ್ನಿಗೂ ಹುಲ್ಲು. ಹೆದ್ದಾರಿಯಲ್ಲಿ ಒಂದು ಲಾರಿ ಹೋದರೆ ಅದರ ಸದ್ದೂ ಬಂದು ಸೇರಿಕೊಳ್ಳುವುದು. ಕೆಲವು ದಿನ ನೋಡಿ ಇವರು ಅದರ ಮೇಲೆ ನನ್ನ ಹಳೆಯ ಸೀರೆ ಮುಚ್ಚಿಟ್ಟರು. ಅತ್ತೆ ಅದನ್ನು "ಆ ಹಸ್ರು ಡಬ್ಬ" ಎಂದು ಕರೆದು, ಅದರ ಮೇಲೆ ಮೆಣಸಿನಕಾಯಿ ಮೊರ ಇಡತೊಡಗಿದರು.

ಇದನ್ನು ನಾನು ಸಾರ್‌ಗೆ ಹೇಳಿದೆ. ಭಾನುವಾರ ಬೆಳಿಗ್ಗೆ, ಹೇಳದೆ ಕೇಳದೆ, ಬಟ್ಟೆಯ ಚೀಲದಲ್ಲಿ ಬೆಸುಗೆ ಹಾಕುವ ಕಡ್ಡಿ, ತಂತಿಗಳನ್ನು ಹಾಕಿಕೊಂಡು ಮುಳಬಾಗಿಲು ಬಸ್ ಸ್ಟ್ಯಾಂಡಿನಿಂದ ನಡೆದು ಬಂದರು. ಅತ್ತೆ ಗಾಬರಿಯಾಗಿ ಮೊರ ಎತ್ತಿಕೊಂಡು ಓಡಿದರು. ಸಾರ್ ಗ್ಯಾರೇಜಿನಲ್ಲಿ ಒಂದು ಟಯರಿನ ಮೇಲೆ ಕೂತು, ಇವರು ಹಿಡಿದು ತೋರಿಸಿದ್ದನ್ನೆಲ್ಲ ನೋಡಿ, ನನಗೆ ಹೇಳಿದರು: "ಗಾಳಿಯಲ್ಲಿ ಬರೋ ಸದ್ದು ನಮಗೆ ಬೇಡಮ್ಮಾ. ಕಬ್ಬಿಣದ ಒಳಗೆ ಓಡೋ ಸದ್ದು ಬೇಕು. ಮೈಕು ಎಂಜಿನ್ನಿಗೆ ಅಂಟ್ಕೋಬೇಕು."

ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯವರು ನಮ್ಮ ಬೀದಿಯಲ್ಲೇ ಇದ್ದರು. ಕೇಳಿದ್ದೇ ತಡ ಎರಡು ಹಳೆಯ ಮೈಕುಗಳನ್ನೂ, ಸುಟ್ಟುಹೋದ ಸ್ಪೀಕರುಗಳ ಅಯಸ್ಕಾಂತಗಳನ್ನೂ ಸುಮ್ಮನೆ ಕೊಟ್ಟರು. ಸಾರ್ ಮೈಕುಗಳನ್ನು ಬಿಚ್ಚಿ, ಒಳಗಿನ ಬಿಲ್ಲೆಯನ್ನು ಅಯಸ್ಕಾಂತಕ್ಕೆ ಅಂಟಿಸಿ ಕಟ್ಟಿದರು. ಅದನ್ನು ಎಂಜಿನ್ನಿನ ಯಾವ ಜಾಗಕ್ಕೆ ಇಟ್ಟರೂ ಕಚ್ಚಿಕೊಂಡು ಕೂರುತ್ತಿತ್ತು. ಹೆದ್ದಾರಿಯ ಸದ್ದು ದೂರವಾಯಿತು.

ಆದರೂ ಗೆರೆ ನಿಲ್ಲುತ್ತಿರಲಿಲ್ಲ, ಕುದಿಯುವ ಎಸರಿನ ಹಾಗೆ ಕದಡುತ್ತಿತ್ತು. ಅದಕ್ಕೂ ಸಾರ್ ಒಂದು ದಾರಿ ತೋರಿಸಿದರು. "ಭಜನೆಯಲ್ಲಿ ತಾಳ ಹಾಕೋರು ಒಬ್ಬರಿರ್ತಾರಲ್ಲ, ಹಾಗೆ ಇದಕ್ಕೂ ಒಬ್ಬರು ಬೇಕು" ಎಂದರು. ಪೆಟ್ರೋಲು ಗಾಡಿಯಾದರೆ ಒಂದನೇ ಸಿಲಿಂಡರಿನ ಪ್ಲಗ್ಗಿಗೆ ಹೋಗುವ ವೈರಿಗೆ ಒಂದು ತಂತಿ ಸುತ್ತಿ ಸಿ.ಆರ್.ಓ.ಗೆ ಕೊಡುವುದು. ಡೀಸೆಲ್ ಗಾಡಿಯಾದರೆ ಒಂದನೇ ಸಿಲಿಂಡರಿಗೆ ಡೀಸೆಲ್ ಹೋಗುವ ಕೊಳವೆಗೆ ಎರಡನೇ ಮೈಕು ಕಚ್ಚಿಸುವುದು. ಆ ಸಿಲಿಂಡರು ಒಮ್ಮೆ ಉರಿದಾಗಲೆಲ್ಲ ಗೆರೆ ಎಡಗಡೆಯಿಂದ ಹೊಸದಾಗಿ ಹೊರಡುತ್ತದೆ. ಎಂಜಿನ್ನಿನ ಉಳಿದ ಸದ್ದುಗಳು ತಂತಮ್ಮ ಜಾಗದಲ್ಲಿ ಬಂದು ನಿಲ್ಲುತ್ತವೆ.

ಒಂದು ಜೀಪಿಗೆ ಹಾಗೆ ಕಟ್ಟಿ ಸ್ಟಾರ್ಟ್ ಮಾಡಿದಾಗ ಕಲಸಿಹೋಗಿದ್ದ ಹಸಿರೆಲ್ಲ ಒಂದೊಂದಾಗಿ ಬೇರೆಯಾಗಿ, ನಾಲ್ಕು ದಿಬ್ಬಗಳಾಗಿ ನಿಂತಿತು. ನಮ್ಮ ಯಜಮಾನರು ಬೆರಳಿಟ್ಟು ಎಣಿಸಿದರು. "ಒಂದು, ಮೂರು, ನಾಲ್ಕು, ಎರಡು" ಎಂದರು. ಸಿಲಿಂಡರುಗಳು ಉರಿಯುವ ವರಸೆ ಅದು, ಅವರಿಗೆ ಬಾಯಿಪಾಠ. ನನಗೆ ಆ ವರಸೆ ಗೊತ್ತಿರಲಿಲ್ಲ, ಅವರಿಗೆ ಗೆರೆಯ ಗುಂಡಿಗಳನ್ನು ತಿರುಗಿಸುವುದು ಗೊತ್ತಿರಲಿಲ್ಲ. ಸಾರ್ ನಮ್ಮಿಬ್ಬರನ್ನೂ ನೋಡಿ ನಕ್ಕು ಪಂಚೆಗೆ ಕೈ ಒರೆಸಿಕೊಂಡರು. ಅತ್ತೆ ಆ ಹೊತ್ತಿಗೆ ಮುದ್ದೆ, ಬಸ್ಸಾರು ಮಾಡಿ ಕಾಯುತ್ತಿದ್ದರು. ಆಮೇಲೆ ವರ್ಷಗಟ್ಟಲೆ, ಆಗೀಗ ಭಾನುವಾರ ಸಾರ್ ಬರುವುದು, ಟಯರಿನ ಮೇಲೆ ಕೂರುವುದು, ಮುದ್ದೆ ಉಂಡು ಹೋಗುವುದು ಅಭ್ಯಾಸವಾಯಿತು. ಒಂದು ಸಲವೂ ಬಸ್ ಚಾರ್ಜು ಕೊಡಲು ಬಿಡಲಿಲ್ಲ.

ಓದಲು ಕಲಿಯುವುದಕ್ಕೆ ಬಹಳ ಕಾಲ ಹಿಡಿಯಿತು. ಕೆಟ್ಟಿರುವುದು ಏನೆಂದು ಮೊದಲೇ ಗೊತ್ತಿರುವ ಗಾಡಿ ಬಂದರೆ, ಬಿಚ್ಚುವ ಮುಂಚೆ ಮೈಕು ಕಚ್ಚಿಸಿ ಅದರ ಗೆರೆ ಹೇಗಿದೆ ನೋಡುವುದು, ರಿಪೇರಿಯಾದ ಮೇಲೆ ಮತ್ತೆ ನೋಡುವುದು. ಇವರು ಆ ಆಕಾರಗಳನ್ನು ಗ್ಯಾರೇಜಿನ ಗೋಡೆಯ ಮೇಲೆ ಕೆಂಪು ಪೇಂಟಿನಲ್ಲಿ ಬರೆದರು. ಟ್ಯಾಪೆಟ್ಟು ಸಣ್ಣ ಮೊಳೆಯಂತೆ, ಪಿಸ್ಟನ್ ದಪ್ಪ ಗುಡ್ಡದಂತೆ. ನಾನು ಕಾಲೇಜಿನಿಂದ ಬಂದು ಕಾಫಿ ಕುಡಿದು, ಸೆರಗು ಸಿಕ್ಕಿಸಿಕೊಂಡು ಗ್ಯಾರೇಜಿಗೆ ಹೋಗಿ ಗುಂಡಿ ತಿರುಗಿಸುವವಳಾದೆ. ಬೀದಿಯವರು ಮೊದಲು ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟರು.

ಅಷ್ಟೆಲ್ಲ ಆದರೂ ಸದ್ದಿನ ಗಾಡಿಗಳು ಬರುತ್ತಿರಲಿಲ್ಲ. ಮೊದಲು ಬಂದದ್ದು ಶ್ರೀನಿವಾಸಪುರದ ಒಂದು ಖಾಸಗಿ ಬಸ್ಸು. ಅದರ ಡ್ರೈವರು ಹಳಬ, ಇವರ ಕಿವಿ ಚೆನ್ನಾಗಿದ್ದಾಗಿನಿಂದ ಬರುತ್ತಿದ್ದವನು. ಕಿವಿ ಹೋದ ಮೇಲೂ ಬಿಡದೆ, ಏನೂ ಕೆಲಸವಿಲ್ಲದಿದ್ದರೂ ಬ್ರೇಕ್ ನೋಡಿ ಎಂದು ನಿಲ್ಲಿಸಿ, ಬೀಡಿ ಸೇದಿಕೊಂಡು ಹೋಗುವನು. ಮಾವಿನ ಸುಗ್ಗಿಯ ದಿನಗಳು, ಬಸ್ಸಿನ ಒಳಗೂ ಮೇಲೂ ಬುಟ್ಟಿಗಳೇ. ಅಂಥ ಕಾಲದಲ್ಲಿ ಒಂದು ಶನಿವಾರ ಅವನು ಖಾಲಿ ಬಸ್ಸು ತಂದು ನಿಲ್ಲಿಸಿದ. ಎಂಜಿನ್ ಟಕ್ ಟಕ್ ಟಕ್ ಎಂದು ಬಡಿಯುತ್ತಿತ್ತು. ನನಗೇ ಕೇಳಿಸುವಷ್ಟು.

"ಮೇಸ್ತ್ರಿ, ಎರಡು ಕಡೆ ತೋರಿಸ್ದೆ. ಒಳಗಡೆ ಬೇರಿಂಗ್ ಹೋಗೈತೆ, ಇಂಜಿನ್ ಇಳಸ್ಬೇಕು ಅಂತಾರೆ. ಓನರ್ರೂ ಒಪ್ಕೊಂಡವ್ರೆ" ಎಂದು ಇವರ ಮುಖಕ್ಕೆ ಮುಖ ಕೊಟ್ಟು ತೆಲುಗಿನಲ್ಲೂ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲೂ ಹೇಳಿದ. "ನಂಗ್ಯಾಕೋ ಮನ್ಸು ಒಪ್ತಿಲ್ಲ ಅಕ್ಕಾ. ಓನರ್ ಹತ್ರ ಇವತ್ತೊಂದು ದಿನ ಕೇಳ್ಕೊಂಡು ಬಂದಿದೀನಿ. ಆ ಡಬ್ಬ ಇಟ್ಟು ನೋಡಿ."

ಇಳಿಸಿದರೆ ವಾರಗಟ್ಟಲೆ ಬಸ್ಸು ರಸ್ತೆಗೆ ಬರುವುದಿಲ್ಲ, ಇವನಿಗೆ ಕೆಲಸವೂ ಇರುವುದಿಲ್ಲ. ನಾನು ಒಂದು ಮೈಕನ್ನು ಡೀಸೆಲ್ ಕೊಳವೆಗೆ ಕಚ್ಚಿಸಿದೆ, ಇನ್ನೊಂದನ್ನು ಇವರು ಎಂಜಿನ್ನಿನ ಹೊಟ್ಟೆಗೆ ಕಚ್ಚಿಸಿದರು. ದಿಬ್ಬಗಳು ವರಸೆಯಾಗಿ ನಿಂತವು. ಆದರೆ ಅವುಗಳ ನಡುವೆ ಒಂದು ಚೂಪಾದ ಮುಳ್ಳು ಇತ್ತು, ಅದು ಮಾತ್ರ ನಿಲ್ಲಲಿಲ್ಲ. ನಿಧಾನವಾಗಿ ಎಡದಿಂದ ಬಲಕ್ಕೆ ಸರಿದು ಹೋಗುವುದು, ಮತ್ತೆ ಎಡದಲ್ಲಿ ಹುಟ್ಟುವುದು. ಗುಂಡಿಯಲ್ಲೇ ಏನೋ ಕೆಟ್ಟಿದೆ ಎಂದುಕೊಂಡು ನಾನು ಅದನ್ನು ಹಿಡಿದು ನಿಲ್ಲಿಸಲು ತಿರುಗಿಸತೊಡಗಿದೆ. ಇವರು ನನ್ನ ಮಣಿಕಟ್ಟು ಹಿಡಿದರು.

"ಮುಟ್ಬೇಡ ಕಣೇ. ಓಡ್ಲಿ ಬಿಡು."

ಪರದೆಗೆ ಮುಖ ತಂದು ಬಹಳ ಹೊತ್ತು ನೋಡಿದರು. ಡ್ರೈವರು ಬೀಡಿ ಹಚ್ಚುವುದನ್ನೂ ಮರೆತು ನಿಂತಿದ್ದ.

"ಇಂಜಿನ್ ಒಳಗಿಂದಾಗಿದ್ರೆ ಇದೂ ಅವುಗಳ ಜೊತೆ ನಿಲ್ಬೇಕಿತ್ತು. ಇದು ಬೇರೆ ಲೆಕ್ಕದಲ್ಲಿ ತಿರುಗ್ತಾ ಇದೆ. ಬೆಲ್ಟಿಂದ ತಿರುಗೋದು ಯಾವ್ದೋ" ಎಂದರು.

ಹೊಟ್ಟೆಯಿಂದ ಮೈಕು ಕಿತ್ತು ನೀರಿನ ಪಂಪಿಗೆ ಇಟ್ಟರು. ಮುಳ್ಳು ಮೊದಲಿದ್ದಷ್ಟೇ ಇತ್ತು. ಡೈನಮೋಗೆ ಇಟ್ಟರು. ಮುಳ್ಳು ಎದ್ದು ಪರದೆಯ ಮೇಲಂಚು ಮುಟ್ಟಿತು. ಎಂಜಿನ್ ನಿಲ್ಲಿಸಿ, ಬೆಲ್ಟು ಕಳಚಿ, ಮತ್ತೆ ಸ್ಟಾರ್ಟ್ ಮಾಡಿಸಿದರು. ಡ್ರೈವರು ಸೀಟಿನಿಂದಲೇ "ಹೋಯ್ತು! ಪೋಯಿಂದಿ ಮೇಸ್ತ್ರಿ! ಹೋಯ್ತು!" ಎಂದು ಕೂಗಿಕೊಂಡ. ಇವರಿಗೆ ಆ ಕೂಗು ಕೇಳಿಸಲಿಲ್ಲ. ಪರದೆಯ ಮೇಲೆ ದಿಬ್ಬಗಳು ಮಾತ್ರ ಉಳಿದದ್ದನ್ನು ನೋಡಿ ಅವರು ಆಗಲೇ ನಗುತ್ತಿದ್ದರು. ಡೈನಮೋದ ರಾಟೆ ಸಡಿಲವಾಗಿ ಆಡುತ್ತಿತ್ತು, ಅಷ್ಟೇ.

"ಇಷ್ಟೇನಾ? ಬೆಲ್ಟ್ ಬಿಚ್ಚಿ ನೋಡಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತಲ್ಲ!" ಎಂದ ಡ್ರೈವರು.

"ಗೊತ್ತಾಗ್ತಿತ್ತು. ಬಿಚ್ಚೋಣ ಅನ್ನಿಸ್ಬೇಕಲ್ಲಯ್ಯಾ" ಎಂದರು ಇವರು.

ಆ ಡ್ರೈವರು ಶ್ರೀನಿವಾಸಪುರದಿಂದ ಮುಳಬಾಗಿಲಿನವರೆಗೆ, ಬಸ್ಸು ನಿಂತ ಕಡೆಯೆಲ್ಲ ಈ ಕತೆ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ಕತೆಯಲ್ಲಿ ನಮ್ಮ ಸಿ.ಆರ್.ಓ. ಎಕ್ಸ್‌ರೇ ಆಯಿತು. ಎಕ್ಸ್‌ರೇ ಮೇಸ್ತ್ರಿ ಎಂಬ ಹೆಸರು ಇವರಿಗೆ ಅಂಟಿಕೊಂಡಿತು. ಸದ್ದಿನ ಗಾಡಿಗಳು ಮತ್ತೆ ಬರತೊಡಗಿದವು.

ಅದೇ ಸುಗ್ಗಿಯಲ್ಲಿ ಇವರು ಒಂದು ಬುಟ್ಟಿ ಮಾವಿನ ಹಣ್ಣು ಕಟ್ಟಿಸಿಕೊಂಡು, ಆಸ್ಪತ್ರೆಯ ಡಾಕ್ಟರಿಗೆ ಕೊಟ್ಟು ಬರೋಣ ಎಂದರು. ನನಗೆ ಮನಸ್ಸಿರಲಿಲ್ಲ. ಡಾಕ್ಟರು ಎಚ್ಚರಿಕೆ ಹೇಳಿಯೇ ಔಷಧಿ ಕೊಟ್ಟಿದ್ದರು, ಬೇರೆ ದಾರಿಯೂ ಇರಲಿಲ್ಲ, ಎಲ್ಲ ಗೊತ್ತಿತ್ತು. ಆದರೂ ಆ ಮನುಷ್ಯನನ್ನು ನೋಡಿದರೆ ನನಗೆ ಆ ಸೂಜಿಯೇ ಕಾಣುತ್ತಿತ್ತು. ಡಾಕ್ಟರು ಬುಟ್ಟಿ ನೋಡಿ ಎದ್ದು ನಿಂತರು. ಕಿವಿ ಹೇಗಿದೆ ಎಂದು ಬೆರಳಿನಲ್ಲಿ ತೋರಿಸಿ ಕೇಳಿದರು.

"ಕಿವಿ ಹೋಯ್ತು ಸಾರ್. ಉಸಿರು ಉಳೀತಲ್ಲ" ಎಂದು ಇವರು ತಮ್ಮ ಎದೆಯನ್ನು ಅಂಗೈಯಿಂದ ಬಡಿದು ತೋರಿಸಿದರು. ವ್ಯಂಗ್ಯವಿರಲಿಲ್ಲ, ಸಂತೋಷವಾಗಿಯೇ ಹೇಳಿದರು. ಆಮೇಲೆ ಡಾಕ್ಟರ ಪೆನ್ನು ಕೇಳಿ ಪಡೆದು, ಮೇಜಿನ ಮೇಲಿದ್ದ ಚೀಟಿಯ ಹಿಂದೆ ಬಸ್ಸಿನ ಗೆರೆಯನ್ನು ಬರೆದು, ಓಡುವ ಮುಳ್ಳಿನ ಕತೆ ಹೇಳಿದರು. ಹೊರಗೆ ರೋಗಿಗಳು ಕಾಯುತ್ತಿದ್ದರೂ ಡಾಕ್ಟರು ಪೂರ್ತಿ ಕೇಳಿದರು. ನಾನು ಆ ಮೇಜಿನ ಪಕ್ಕ ನಿಂತು ಮೊದಲ ಸಲ ಇವರ ಉಸಿರಾಟವನ್ನು ಗಮನಿಸಿ ಕೇಳಿದೆ. ಎಷ್ಟು ಸಲೀಸಾಗಿ ಓಡುತ್ತಿತ್ತು! ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮನಸ್ಸು ಹಗುರವಾಗಿತ್ತು.

ಎಲ್ಲವೂ ಸರಿ ಹೋಗುತ್ತಿತ್ತು ಎಂದೇನಲ್ಲ. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯ ಲಾರಿ, ಓಡುವಾಗ ಮಾತ್ರ ಹೂಂ ಎಂದು ಗುನುಗುತ್ತಿತ್ತು, ನಿಂತರೆ ಸುಮ್ಮನಾಗುತ್ತಿತ್ತು. ಓಡುವ ಲಾರಿಯಲ್ಲಿ ಸಿ.ಆರ್.ಓ.ಗೆ ಕರೆಂಟು ಎಲ್ಲಿಂದ ತರುವುದು? ಪಕ್ಕದ ಮನೆಯವರು ಗಲ್ಫಿನಿಂದ ಬಂದಾಗ ದೊಡ್ಡದೊಂದು ಟೇಪ್ ರೆಕಾರ್ಡರ್ ತಂದಿದ್ದರು, ಎರಡು ಮೈಕು ಒಟ್ಟಿಗೆ ಹಿಡಿಯುವಂಥದ್ದು. ಸ್ವಂತ ಮಕ್ಕಳಿಗೂ ಮುಟ್ಟಲು ಬಿಡುತ್ತಿರಲಿಲ್ಲ. ನಾನು ಹಿಂಜರಿಯುತ್ತಾ ಕೇಳಿದರೆ, ಅವರ ಹೆಂಡತಿ ಅದಕ್ಕೆ ಹೊದಿಸಿದ್ದ ಕಸೂತಿಯ ಬಟ್ಟೆಯ ಸಮೇತ ತಂದುಕೊಟ್ಟರು. "ಲೇಕೇ ಜಾವ್ ಬೆಹನ್, ತಗೊಂಡ್ಹೋಗಿ, ಒಳಗೆ ಧೂಳು ಹೋಗದ ಹಾಗೆ ನೋಡ್ಕೊಳ್ಳಿ, ಸಾಕು" ಎಂದರು.

ಒಂದು ಮೈಕು ಗೇರ್ ಬಾಕ್ಸಿಗೆ, ಒಂದು ಹಿಂದಿನ ಆಕ್ಸಲಿಗೆ. ಉದ್ದ ವೈರುಗಳನ್ನು ಸೆಣಬಿನ ಹಗ್ಗದಲ್ಲಿ ಕಟ್ಟಿ, ಟೇಪ್ ರೆಕಾರ್ಡರನ್ನು ಮಗುವಿನ ಹಾಗೆ ತಬ್ಬಿಕೊಂಡು ನಾನು ಡ್ರೈವರಿನ ಪಕ್ಕ ಕೂತೆ. ಹಿಂದೆ ಹೆಂಚು ತುಂಬಿತ್ತು. ನನ್ನ ತವರೂರಿನ ಪೇಟೆಬೀದಿಯಲ್ಲೇ ಹೊರಟೆವು. ಅಂಗಡಿಯ ಮುಂದೆ ನಿಂತಿದ್ದ ನಮ್ಮ ಚಿಕ್ಕಪ್ಪ ನನ್ನನ್ನು ನೋಡಿ ಕೈಯಲ್ಲಿದ್ದ ಟೀ ಲೋಟ ಹಾಗೇ ಹಿಡಿದು ನಿಂತುಬಿಟ್ಟರು. ಸಂಜೆಯೊಳಗೆ ನಮ್ಮಮ್ಮನಿಗೆ ಸುದ್ದಿ ಮುಟ್ಟಿತ್ತು: "ಕಾಲೇಜಿನ ಕೆಲ್ಸ ಬಿಟ್ಟು ಲಾರಿಗೆ ಹೋಗ್ತಾಳಂತಲ್ಲ ನಿಮ್ಮ ಹುಡುಗಿ?"

ಟೇಪನ್ನು ಗ್ಯಾರೇಜಿನಲ್ಲಿ ಸಿ.ಆರ್.ಓ.ಗೆ ಕೊಟ್ಟು ನೋಡಿದೆವು. ಗೇರು ಬಿಡಿಸಿ ಇಳಿಜಾರಿನಲ್ಲಿ ಬಿಟ್ಟಾಗಲೂ ಅಲೆ ಹಾಗೇ ಇತ್ತು. ಆದ್ದರಿಂದ ಎಂಜಿನ್ನೂ ಅಲ್ಲ, ಗೇರ್ ಬಾಕ್ಸೂ ಅಲ್ಲ. ಹಿಂದಿನ ಮೈಕಿನಲ್ಲಿ ಜೋರು. ಆಕ್ಸಲಿನ ನಡುವಿನ ಹಲ್ಲುಗಾಲಿಗಳು ಸವೆದಿವೆ ಎಂದು ಇವರು ಹೇಳಿದರು. ಬಿಚ್ಚಿದರೆ ಹಲ್ಲುಗಳು ಹೊಸದರ ಹಾಗೆ ಹೊಳೆಯುತ್ತಿದ್ದವು. ಕೆಟ್ಟದ್ದು ಬಲಗಡೆ ಚಕ್ರದ ಬೇರಿಂಗು. ನನ್ನ ತವರಿನವರ ಗಾಡಿಯೇ ಹೀಗಾಯಿತಲ್ಲ ಎಂದು ನಾನು ನಾಚಿದೆ. ಲಾರಿಯ ಯಜಮಾನರು, ನಮ್ಮಪ್ಪನ ಸ್ನೇಹಿತರು, "ಆಕ್ಸಲು ತಂಕ ಬಂದ್ರಲ್ಲ, ಅಲ್ಲಿಂದ ಚಕ್ರಕ್ಕೆ ಎಷ್ಟು ದೂರ?" ಎಂದು ನಕ್ಕು, ಎಲ್ಲರಿಗೂ ಬೋಂಡ ತರಿಸಿದರು. ಇವರು ಆಕ್ಸಲನ್ನು ತಾವೇ ಮತ್ತೆ ಕಟ್ಟಿ, ಬೇರಿಂಗು ಹಾಕಿ, ಕೂಲಿ ಬೇಡವೆಂದು ಕೈಮುಗಿದರು.

ಒಂದು ಭಾನುವಾರ ಸಾರ್ ಊಟ ಮುಗಿಸಿ ಹೋದ ಮೇಲೆ, ಇವರು ಸಿ.ಆರ್.ಓ. ಆರಿಸಲು ಬಿಡದೆ ನನಗೆ ಮೈಕು ಕೊಟ್ಟರು.

"ಏನಾದ್ರೂ ಮಾತಾಡು."

"ಏನಂತ ಮಾತಾಡ್ಲಿ?"

"ದಿನಾ ಬೈತೀಯಲ್ಲ, ಅದನ್ನೇ."

ಗ್ರೀಸ್ ಕೈಯಲ್ಲಿ ಟವೆಲ್ ಮುಟ್ಟಬೇಡಿ ಎಂದು ಎಷ್ಟು ಸಲ ಹೇಳಬೇಕು ರೀ, ಎಂದೆ. ಅವರು ನನ್ನ ತುಟಿ ನೋಡಲಿಲ್ಲ, ಪರದೆ ನೋಡಿದರು. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಅತ್ತೆ ಬಂದು ಇದೇನೆಂದು ಕೇಳಿ, ಮೈಕನ್ನು ನನ್ನ ಕೈಯಿಂದ ಕಿತ್ತುಕೊಂಡು ಮಾತಾಡತೊಡಗಿದರು. ಎಮ್ಮೆಯ ವಿಚಾರ, ಮಗಳ ಊರಿನ ವಿಚಾರ, ಸೊಪ್ಪಿನವಳ ವಿಚಾರ. ಗೆರೆಗೆ ಉಸಿರಾಡಲೂ ಬಿಡುವಿರಲಿಲ್ಲ. "ಅಮ್ಮನ ಗಾಡಿಗೆ ಬ್ರೇಕೇ ಇಲ್ಲ" ಎಂದು ಇವರು ನಕ್ಕರು. ಅತ್ತೆಯೂ ನಕ್ಕರು, ಆದರೆ ನಿಲ್ಲಿಸಲಿಲ್ಲ.

ಸಾರ್ ನಿವೃತ್ತರಾಗಿ ತಮ್ಮ ಊರಿಗೆ ಹೋದರು. ಹೋಗುವ ಮುಂಚೆ ಬಂದು ಒಂದು ಉಂಡೆ ಬೆಸುಗೆ ತಂತಿಯನ್ನೂ ಆ ಕಡ್ಡಿಯನ್ನೂ ನನಗೆ ಕೊಟ್ಟು, "ಇನ್ನು ನೀನೇ ಹಾಕ್ಕೋಬೇಕು" ಎಂದರು. ಎಂಬತ್ತರ ದಶಕದ ಕೊನೆಗೆ ಸಿ.ಆರ್.ಓ.ದ ಪರದೆ ಮಂಕಾಗುತ್ತಾ ಬಂತು. ಹಗಲಿನ ಬೆಳಕಿನಲ್ಲಿ ಗೆರೆ ಕಾಣುತ್ತಿರಲಿಲ್ಲ. ಆಗ ನಾವು ದಪ್ಪನೆಯ ಕರಿ ಬಟ್ಟೆಯೊಂದನ್ನು ಹೊಲಿಸಿ, ಅದನ್ನು ಪೆಟ್ಟಿಗೆಯ ಮೇಲೂ ನಮ್ಮ ತಲೆಗಳ ಮೇಲೂ ಹೊದ್ದುಕೊಂಡು ನೋಡುತ್ತಿದ್ದೆವು. ನಡು ಮಧ್ಯಾಹ್ನ, ಹೆದ್ದಾರಿಯ ಪಕ್ಕದಲ್ಲಿ, ಗಂಡ ಹೆಂಡತಿ ಒಂದೇ ಬಟ್ಟೆಯೊಳಗೆ ತಲೆ ತೂರಿಸಿಕೊಂಡು ನಿಂತಿರುವುದನ್ನು ಕಂಡು ಲಾರಿಯವರು ಹಾರ್ನ್ ಬಾರಿಸಿ ಹೋಗುವರು. ಇವರಿಗೆ ಹಾರ್ನ್ ಕೇಳಿಸುತ್ತಿರಲಿಲ್ಲ, ನಾಚಿಕೆಯೆಲ್ಲ ನನಗೊಬ್ಬಳಿಗೆ. ಒಳಗೆ ಸೆಕೆ, ಡೀಸೆಲ್ಲಿನ ವಾಸನೆ, ಕಂಡೂ ಕಾಣದ ಹಸಿರು. ಆ ಬೆಳಕಿನಲ್ಲಿ ನನ್ನ ತುಟಿ ಓದಲು ಅವರಿಗೆ ಕಷ್ಟವಾಗುತ್ತಿತ್ತು, ಆದ್ದರಿಂದ ನಾನು ಅವರ ಅಂಗೈಯಲ್ಲಿ ಬೆರಳಿನಿಂದ ಸಿಲಿಂಡರಿನ ನಂಬರು ಬರೆಯುತ್ತಿದ್ದೆ. ಅವರು ತಲೆಯಾಡಿಸುವರು, ಇಲ್ಲವೇ ಬೇರೆ ನಂಬರನ್ನು ನನ್ನ ಅಂಗೈಯಲ್ಲಿ ಬರೆಯುವರು. ಇಷ್ಟು ವರ್ಷ ಗೆರೆಯ ಜೊತೆಗೇ ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಿ, ಯಾವ ನಡುಕ ಯಾವುದರದೆಂದು ಅವರ ಕೈಗೂ ತಿಳಿಯತೊಡಗಿತ್ತು.

ಒಂದು ದಿನ ಗುಂಡಿ ಎಷ್ಟು ತಿರುಗಿಸಿದರೂ ಏನೂ ಮೂಡಲಿಲ್ಲ. ಬಟ್ಟೆಯೊಳಗೆ ಕತ್ತಲು. ಆಮೇಲೆ ಅವರು ಬಟ್ಟೆ ತೆಗೆದು ಮಡಿಸಿ, ಕಾಯುತ್ತಿದ್ದ ಟ್ರ್ಯಾಕ್ಟರಿನವನಿಗೆ "ಕೂತ್ಕೋಪ್ಪಾ, ಕೈಯಿಟ್ಟು ನೋಡ್ತೀನಿ" ಎಂದು ಹೇಳಿ, ನನಗೆ ಟೀ ತರಿಸಲು ಸನ್ನೆ ಮಾಡಿದರು.